ಸೇಬರ್ ಓರೆ ಬೀಸುತ್ತಿದೆಯೇ? ರಿದಂ ಆಟಗಳಲ್ಲಿ ಮೋಷನ್ ಕಂಟ್ರೋಲರ್ ದೋಷ ಪತ್ತೆ

ವಿಆರ್ ಹೆಡ್‌ಸೆಟ್ ಹಾಕಿ, ಹಾಡಿನ ತಾಳಕ್ಕೆ ಕಂಟ್ರೋಲರ್ ಬೀಸಿ ಆಡುವ ಆಟಗಳಲ್ಲಿ ಒಂದು ಬ್ಲಾಕ್ ಕೈತಪ್ಪಿತೆಂದರೆ ಸಾಕು, ನೇರ ಸೆಟ್ಟಿಂಗ್ಸ್ ತೆರೆದು ಕೋನದ ಅಂಕಿಗಳನ್ನು ತಿರುವುವುದು ಬಹುಮಂದಿಯ ರೂಢಿ. ಎಡವಟ್ಟು ಶುರುವಾಗುವುದು ಅಲ್ಲೇ. ಸಡಿಲವಾದ ಬ್ಯಾಟರಿ, ತಪ್ಪಿದ ನೆಲಮಟ್ಟ, ತಡವಾಗಿ ಕೇಳುವ ಹಾಡು, ಕ್ಯಾಮೆರಾಕ್ಕೆ ಕಾಣದ ಕೈ: ಈ ನಾಲ್ಕೂ ಆಡುವವರಿಗೆ ಒಂದೇ ತೆರನಾಗಿ ಅನುಭವಕ್ಕೆ ಬರುತ್ತವೆ. ಸೇಬರ್ (ಆಟದಲ್ಲಿ ಕೈಗೆ ಸಿಗುವ ಬೆಳಕಿನ ಕತ್ತಿ) ಹೇಳಿದ ಕಡೆ ಹೋಗುತ್ತಿಲ್ಲ ಅನ್ನಿಸುತ್ತದೆ, ಅಷ್ಟೇ. ಇವುಗಳಲ್ಲಿ ಒಂದನ್ನೂ ಆಫ್‌ಸೆಟ್, ಅಂದರೆ ಕೈಗೆ ಹೋಲಿಸಿ ಸೇಬರ್‌ನ ಸ್ಥಾನ ಮತ್ತು ಕೋನವನ್ನು ಸರಿಸುವ ಅಂಕಿ, ಸರಿಪಡಿಸಲಾರದು. ಹರಿದ ಬಟ್ಟೆಗೆ ತೇಪೆ ಹಾಕಿದಂತೆ ಸ್ವಲ್ಪ ದಿನ ನಡೆಯುತ್ತದೆ. ಮೂಲ ದೋಷ ಸರಿಹೋದ ದಿನ ಆ ತೇಪೆಯೇ ಹೊಸ ದೋಷವಾಗಿ ಕಾಡುತ್ತದೆ. ಅದಕ್ಕೇ ಇಲ್ಲಿ ಆಫ್‌ಸೆಟ್ ಬಹಳ ತಡವಾಗಿ ಬರುತ್ತದೆ.

ಉದಾಹರಣೆಗಳು ಹೆಚ್ಚಾಗಿ, ತಾಳಕ್ಕೆ ತಕ್ಕಂತೆ ಎದುರು ಬರುವ ಬ್ಲಾಕ್‌ಗಳನ್ನು ಸೇಬರ್‌ನಿಂದ ಕಡಿಯುವ ಬೀಟ್ ಸೇಬರ್ ಆಟದವು. ಅಂಕ ಕೊಡುವ ಅದರ ಕ್ರಮ ಸ್ಪಷ್ಟವಾಗಿರುವುದರಿಂದ ದೋಷವನ್ನು ಅಂಕದಲ್ಲೇ ಓದಬಹುದು. ಬೇರೆ ಆಟಗಳಿಗೂ ಪರೀಕ್ಷೆಯ ಕ್ರಮ ಇದೇ.

ಶುರುಮಾಡುವ ಮೊದಲು ಎರಡು ಕೆಲಸ. ಈಗ ಸೆಟ್ಟಿಂಗ್ಸ್‌ನಲ್ಲಿರುವ ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ನಂತರ ಬಾಯಿಪಾಠವಾಗಿರುವ, ತಪ್ಪಿಲ್ಲದೆ ಮುಗಿಸಬಲ್ಲ ಒಂದು ಹಾಡನ್ನು ಆರಿಸಿಕೊಂಡು ಕೊನೆಯವರೆಗೂ ಅದರಲ್ಲೇ ಪರೀಕ್ಷಿಸಿ. ಕಷ್ಟದ ಹಾಡಿನಲ್ಲಿ ಪರೀಕ್ಷಿಸಿದರೆ ತಪ್ಪು ನಿಮ್ಮದೋ ಯಂತ್ರದ್ದೋ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ.

ದೋಷ ಕಂಟ್ರೋಲರ್‌ನದೋ, ಕೈಯದೋ

ಎರಡೂ ಕೈ ತಪ್ಪುತ್ತಿವೆಯೋ ಒಂದೇ ಕೈಯೋ ಎಂಬುದು ಮೊದಲ ಪ್ರಶ್ನೆ. ಒಂದೇ ಕೈ ಎಂದಾದರೆ ಕಂಟ್ರೋಲರ್‌ಗಳನ್ನು ಅದಲುಬದಲು ಮಾಡಿ ಹಿಡಿಯಿರಿ: ಎಡಗೈಯದು ಬಲಗೈಗೆ, ಬಲಗೈಯದು ಎಡಗೈಗೆ. ಆಡಲು ಒಗ್ಗುವುದಿಲ್ಲ, ಆಡಬೇಕಾಗಿಯೂ ಇಲ್ಲ. ಮೆನುವಿನಲ್ಲೇ ನಿಂತು ಎರಡನ್ನೂ ಒಂದೇ ವೇಗದಲ್ಲಿ ಹತ್ತಿಪ್ಪತ್ತು ಸಲ ಬೀಸಿ ನೋಡಿ.

ಮೊದಲು ನಡುಗುತ್ತಿದ್ದ ಕಂಟ್ರೋಲರ್ ಈಗಲೂ ನಡುಗಿದರೆ ದೋಷ ಅದರೊಳಗೇ ಇದೆ: ಬ್ಯಾಟರಿ, ಸಂಪರ್ಕ ಅಥವಾ ಸೆನ್ಸರ್. ನಡುಕ ಈಗ ಇನ್ನೊಂದು ಕಂಟ್ರೋಲರ್‌ಗೆ ಹೋಗಿ, ಅದೇ ಬದಿಯಲ್ಲಿ ಉಳಿದಿದ್ದರೆ ಕೋಣೆಯ ಆ ಬದಿಯಲ್ಲಿ ಏನೋ ಇದೆ ಅಥವಾ ಆ ಕೈ ಹಿಡಿಯುವ ರೀತಿಯಲ್ಲಿ ಏನೋ ಇದೆ. ಎರಡು ನಿಮಿಷದ ಈ ಪರೀಕ್ಷೆ ಅರ್ಧ ದಿನದ ಪರದಾಟ ಉಳಿಸುತ್ತದೆ.

ಎರಡೂ ಕಡೆಗೆ ಒಂದೇ ಗುಂಪಿನ ಆಫ್‌ಸೆಟ್ ಅಂಕಿ ಇರುವ ಆಟಗಳಲ್ಲಿ ಎಡಗೈಗೆ ಹೋಗುವುದು ಬಲಗೈಯ ಕನ್ನಡಿ ಬಿಂಬ. ಹಾಗಾಗಿ ಒಂದೇ ಕೈ ಕೆಟ್ಟಿದ್ದರೆ ಕಾರಣ ಆಫ್‌ಸೆಟ್ ಆಗಿರುವುದು ಕಷ್ಟ.

ಅಂಕವನ್ನು ಓದುವುದು

ಬೀಟ್ ಸೇಬರ್‌ನಲ್ಲಿ ಒಂದು ಸಾಮಾನ್ಯ ಬ್ಲಾಕ್‌ಗೆ ಗರಿಷ್ಠ 115 ಅಂಕ. ಕಡಿಯುವ ಮೊದಲು ಸೇಬರ್ 100 ಡಿಗ್ರಿ ತಿರುಗಿ ಬಂದಿದ್ದರೆ 70, ಕಡಿದ ಮೇಲೆ 60 ಡಿಗ್ರಿ ಮುಂದುವರಿದರೆ 30, ಬ್ಲಾಕ್‌ನ ನಡುವಿಗೆ ಎಷ್ಟು ಹತ್ತಿರ ಕಡಿದಿರಿ ಎಂಬುದಕ್ಕೆ 15. ಕಡಿದ ಸಮಯ ಸ್ವಲ್ಪ ಹಿಂದುಮುಂದಾದರೆ ಅಂಕ ಕಳೆಯುವುದಿಲ್ಲ.

ಈ ಲೆಕ್ಕದಲ್ಲಿ ಒಂದು ಗುಟ್ಟಿದೆ. ಬೀಸು ಪೂರ್ತಿಯಾಗಿದ್ದರೆ ನಡುವನ್ನು ಎಷ್ಟೇ ತಪ್ಪಿದರೂ ಅಂಕ 100ಕ್ಕಿಂತ ಕೆಳಗಿಳಿಯದು. ಆದ್ದರಿಂದ 100ಕ್ಕಿಂತ ಕಡಿಮೆ ಬಂದ ಪ್ರತಿ ಬ್ಲಾಕ್‌ನಲ್ಲೂ ಬೀಸು ಕಿರಿದಾಗಿದೆ ಎಂಬುದು ಖಚಿತ. ಹೆಚ್ಚಿನವು 101ರಿಂದ 108ರ ನಡುವೆ ಬೀಳುತ್ತಿದ್ದರೆ ಬೀಸು ಸರಿಯಿದ್ದು ಗುರಿ ಸರಿದಿರುವ ಸಾಧ್ಯತೆ ಹೆಚ್ಚು. ಆಫ್‌ಸೆಟ್ ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. 85ರ ಆಸುಪಾಸಿನಲ್ಲೇ ನಿಂತಿದ್ದರೆ ಕಡಿದ ಮೇಲೆ ಕೈ ಅಲ್ಲೇ ನಿಲ್ಲುತ್ತಿದೆಯೇ ನೋಡಿ. ಅಳೆಯುವುದು ಕೋನವನ್ನು, ಮಣಿಕಟ್ಟು ತಿರುಗಿಸದೆ ತೋಳನ್ನಷ್ಟೇ ಮೇಲಿಂದ ಕೆಳಗೆ ಇಳಿಸಿದರೆ ಕೈ ಮಾರುದ್ದ ಹೋದರೂ ಅಂಕ ಬರುವುದಿಲ್ಲ.

ಕೆಳಸಾಲಿನ ಬ್ಲಾಕ್‌ಗಳಿಗೆ ಮಾತ್ರ ಅಂಕ ಕಡಿಮೆಯಾದರೆ ನೆಲಮಟ್ಟ ಅಥವಾ ಮೇಲೆ-ಕೆಳಗಿನ ಕೋನದ ಮೇಲೆ ಅನುಮಾನ ಪಡಿ. ಎಲ್ಲ ಸಾಲಿನಲ್ಲೂ ಆಗೊಮ್ಮೆ ಈಗೊಮ್ಮೆ, ನಿಯಮವಿಲ್ಲದೆ ತಪ್ಪಿದರೆ ಟ್ರ್ಯಾಕಿಂಗ್ (ಕೈ ಎಲ್ಲಿದೆ ಎಂದು ಸಾಧನ ಗುರುತಿಸುವುದು) ಅಥವಾ ಬ್ಯಾಟರಿ.

ಬ್ಯಾಟರಿ: ಚಿಕ್ಕ ದೋಷ, ದೊಡ್ಡ ಗೊಂದಲ

ಜೋರಾಗಿ ಬೀಸಿದಾಗ ಮಾತ್ರ ಸೇಬರ್ ಗಾಳಿಯಲ್ಲಿ ನಿಂತು, ಅರೆ ಸೆಕೆಂಡಿನ ಮೇಲೆ ಮತ್ತೆ ಕೈಗೆ ಬಂದು ಸೇರುತ್ತದೆಯೇ? ಇದು ಲೂಸ್ ಕಾಂಟ್ಯಾಕ್ಟ್‌ನ ಲಕ್ಷಣ. ಮೆಟಾ ಕಂಪನಿಯ ಕ್ವೆಸ್ಟ್ 2 ಹೆಡ್‌ಸೆಟ್‌ನ ಕಂಟ್ರೋಲರ್‌ನಂತೆ ಒಂದೇ ಡಬಲ್ ಎ ಸೆಲ್ ಹಾಕುವ ಹಿಡಿಗಳಲ್ಲಿ ಬೀಸಿನ ರಭಸಕ್ಕೆ ಸೆಲ್ ಜಾರಿ ಸ್ಪ್ರಿಂಗ್‌ನಿಂದ ಕ್ಷಣಕಾಲ ಬೇರೆಯಾಗುತ್ತದೆ. ಬ್ಲಾಕ್ ಕಡಿದಾಗ ಕಂಪನದ ಮೋಟಾರ್ ಕರೆಂಟ್ ಎಳೆಯುವುದೂ ಅದೇ ಹೊತ್ತಿಗೆ. ಸೆಲ್ ಬಡವಾಗಿದ್ದರೆ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ.

ಪರೀಕ್ಷೆ ಹೀಗೆ: ಕಂಟ್ರೋಲರ್ ಆನ್ ಇರುವಾಗ ಹಿಡಿಯನ್ನು ಅಂಗೈಗೆ ಮೆಲ್ಲಗೆ ನಾಲ್ಕೈದು ಸಲ ತಟ್ಟಿ. ದೀಪ ಆರಿ ಹತ್ತಿದರೆ ಅಥವಾ ಹೆಡ್‌ಸೆಟ್‌ನಲ್ಲಿ ಸೇಬರ್ ಮಾಯವಾಗಿ ಬಂದರೆ ದೋಷ ಸಿಕ್ಕಿತು. ಸ್ಪ್ರಿಂಗನ್ನು ಒಂದೆರಡು ಮಿಲಿಮೀಟರ್ ಮಾತ್ರ ಹೊರಗೆಳೆಯಿರಿ. ಸಂಪರ್ಕದ ಲೋಹವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಬಟ್ಟೆಯಿಂದ ಒರೆಸಿ. ಸೆಲ್ಲಿಗೂ ಮುಚ್ಚಳಕ್ಕೂ ನಡುವೆ ಸಂದಿಯಿದ್ದರೆ ಕಾಗದವನ್ನು ಎರಡು ಮೂರು ಮಡಿಕೆ ಮಾಡಿ ಇಡಿ. ಅಲ್ಯೂಮಿನಿಯಂ ಹಾಳೆ ತುರುಕುವ ಉಪಾಯ ಕೆಲವರು ಹೇಳುತ್ತಾರೆ. ಅದು ಜಾರಿ ಶಾರ್ಟ್ ಆದರೆ ಕಂಟ್ರೋಲರ್ ಹೋದಂತೆಯೇ, ಬೇಡ.

ರೀಚಾರ್ಜ್ ಆಗುವ ನಿಕಲ್ ಸೆಲ್‌ಗಳು 1.2 ವೋಲ್ಟಿನವು, ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟಿನದು. ಹೀಗಾಗಿ ಪೂರ್ತಿ ಚಾರ್ಜ್ ಆದ ನಿಕಲ್ ಸೆಲ್ ಹಾಕಿದರೂ ಮೀಟರ್ ಕಡಿಮೆ ತೋರಿಸಬಹುದು. ಅದು ದೋಷವಲ್ಲ. ಅನುಮಾನ ಬಂದಾಗ ಹೊಸ ಆಲ್ಕಲೈನ್ ಸೆಲ್ ಹಾಕಿ, ಕಂಪನವನ್ನು ಆಫ್ ಮಾಡಿ, ಪರೀಕ್ಷೆಯ ಹಾಡನ್ನು ಒಮ್ಮೆ ಆಡಿ. ದೋಷ ಮಾಯವಾದರೆ ಕಂಪನವನ್ನು ಮತ್ತೆ ಆನ್ ಮಾಡಿ ಆಡಿ. ಆಗ ಸೆಲ್ಲೋ ಮೋಟಾರೋ ಬೇರ್ಪಡುತ್ತದೆ.

ಟ್ರ್ಯಾಕಿಂಗ್

ಹೆಡ್‌ಸೆಟ್‌ನಲ್ಲೇ ಕ್ಯಾಮೆರಾ ಇರುವ ಸಾಧನಗಳು ಕಂಟ್ರೋಲರ್ ಮೇಲಿನ ಇನ್ಫ್ರಾರೆಡ್ ದೀಪಗಳನ್ನು ನೋಡಿ ಕೈ ಎಲ್ಲಿದೆ ಎಂದು ಲೆಕ್ಕ ಹಾಕುತ್ತವೆ. ದೀಪ ಕಾಣದಿದ್ದಾಗ ಒಳಗಿನ ಚಲನೆಯ ಸೆನ್ಸರ್ ಸ್ವಲ್ಪ ಹೊತ್ತು ಅಂದಾಜಿನ ಮೇಲೆ ನಡೆಸುತ್ತದೆ. ಅಂದಾಜು ಬೇಗ ದಾರಿ ತಪ್ಪುತ್ತದೆ. ಕೈ ತಲೆಯ ಹಿಂದೆ ಹೋದಾಗ, ಮುಖಕ್ಕೆ ತೀರ ಹತ್ತಿರ ಬಂದಾಗ, ಒಂದು ಕೈ ಇನ್ನೊಂದನ್ನು ಮರೆಮಾಡಿದಾಗ ತಪ್ಪುವುದು ಇದಕ್ಕೇ. ಅಡ್ಡಕೈ ಬೀಸುಗಳಲ್ಲಿ ಮಾತ್ರ ತಪ್ಪುತ್ತಿದ್ದರೆ ಕೈಗಳನ್ನು ಎದೆಯಿಂದ ಒಂದು ಗೇಣು ಮುಂದೆ ಇಟ್ಟು ಆಡಿ ನೋಡಿ.

ಬೆಳಕು ಸಾಕಷ್ಟಿರಬೇಕು, ನೇರ ಬಿಸಿಲು ಬೀಳಬಾರದು. ಬಿಸಿಲಿನಲ್ಲಿ ಇನ್ಫ್ರಾರೆಡ್ ತುಂಬಿರುತ್ತದೆ. ಸಾಲದ್ದಕ್ಕೆ ಹೆಡ್‌ಸೆಟ್‌ನ ಲೆನ್ಸ್ ಮೂಲಕ ಒಳಬಿದ್ದರೆ ಪರದೆಯನ್ನೇ ಸುಟ್ಟುಬಿಡುತ್ತದೆ. ದೊಡ್ಡ ಕನ್ನಡಿ, ಗಾಜಿನ ಬಾಗಿಲು, ಆಫ್ ಆಗಿರುವ ಟಿವಿ, ಚುಕ್ಕಿಚುಕ್ಕಿಯಾಗಿ ಹೊಳೆಯುವ ಅಲಂಕಾರದ ಸರದೀಪ: ಇವನ್ನು ಮುಚ್ಚಿ ಅಥವಾ ಆರಿಸಿ. ಕ್ವೆಸ್ಟ್‌ನ ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ ಎಂಬ ಆಯ್ಕೆಯಿದೆ. ಅದು ವಿದ್ಯುತ್ ದೀಪದ ಮಿನುಗಿಗೆ ಹೊಂದಬೇಕು. ಆಟೋದಲ್ಲಿ ಬಿಟ್ಟರೂ ನಡುಕವಿದ್ದರೆ, ನಿಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದೋ 60 ಹರ್ಟ್ಸ್‌ನದೋ ನೋಡಿ ಅದನ್ನೇ ಆರಿಸಿ.

ಸ್ಥಾನ ಗುರುತಿಸಲು ಕಿರಣ ಬೀರುವ ಬೇಸ್ ಸ್ಟೇಷನ್ ಎಂಬ ಪೆಟ್ಟಿಗೆಗಳನ್ನು ಗೋಡೆಯ ಮೇಲೆ ಕೂರಿಸುವ, ಕಂಪ್ಯೂಟರ್‌ನಲ್ಲಿ ನಡೆಯುವ ಸ್ಟೀಮ್‌ವಿಆರ್ ವ್ಯವಸ್ಥೆಯ ಕಾಯಿಲೆಗಳೇ ಬೇರೆ. ಸ್ಟೇಷನ್‌ಗಳು ನೆಲದಿಂದ ಎರಡು ಮೀಟರ್‌ಗಿಂತ ಮೇಲಿದ್ದು 30ರಿಂದ 45 ಡಿಗ್ರಿ ಕೆಳಗೆ ಬಾಗಿರಲಿ. ಸ್ಪೀಕರ್ ಇಟ್ಟ ಕಪಾಟಿನ ಮೇಲೆ ಸ್ಟೇಷನ್ ಇಡುವುದು ರಿದಂ ಆಟದವರು ಮಾಡುವ ವಿಶೇಷ ತಪ್ಪು: ಹಾಡಿನ ತಗ್ಗು ಸ್ವರದ (ಬಾಸ್) ಬಡಿತ ಬಂದಾಗಲೆಲ್ಲ ಸ್ಟೇಷನ್ ಕಂಪಿಸಿ, ಸೇಬರ್ ತಾಳಕ್ಕೆ ತಕ್ಕಂತೆ ನಡುಗುತ್ತದೆ. ಹಾಡಿನ ಸದ್ದು ತಗ್ಗಿಸಿದಾಗ ನಡುಕ ನಿಂತರೆ ಕಾರಣ ಇದೇ. ಇನ್ನೊಂದು, ಕಂಟ್ರೋಲರ್‌ನ ಸಂಕೇತ ಹಿಡಿಯಲು ಕಂಪ್ಯೂಟರ್‌ಗೆ ಚುಚ್ಚುವ ವೈರ್‌ಲೆಸ್ ಡಾಂಗಲ್. ಯುಎಸ್‌ಬಿ 3 ಪೋರ್ಟ್‌ಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಹುಟ್ಟಿಸುತ್ತವೆ. ಡಾಂಗಲನ್ನು ಕಂಪ್ಯೂಟರ್ ಹಿಂಬದಿಗೆ ನೇರ ಚುಚ್ಚದೆ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲಿಡಿ.

ಅತಿ ವೇಗದ ಬೀಸಿನಿಂದಲೇ ಟ್ರ್ಯಾಕಿಂಗ್ ಸೋಲುತ್ತದೆ ಎನ್ನುವವರಿದ್ದಾರೆ. ಇದು ಪೂರಾ ಕಟ್ಟುಕತೆಯಲ್ಲ. 2019ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿ ತನ್ನ ಸ್ಟೀಮ್‌ವಿಆರ್‌ನಲ್ಲಿ ಕೈವೇಗದ ಮಿತಿಯನ್ನು ಏರಿಸಿತು. ಮನುಷ್ಯರಿಂದ ಇಷ್ಟು ವೇಗ ಸಾಧ್ಯವೆಂದು ತಾವು ಎಣಿಸಿದ್ದ ಮಿತಿಯನ್ನು ಬೀಟ್ ಸೇಬರ್ ನಿಪುಣರು ಮೀರಿದ್ದರೆಂದು ಆಗ ಹೇಳಿಕೊಂಡಿತ್ತು. ಆ ಮಿತಿ ಮುಟ್ಟುವವರು ತೀರ ಕಡಿಮೆ ಜನ. ಮೊದಲು ಬ್ಯಾಟರಿ ನೋಡಿ.

ನೆಲ ಮತ್ತು ಎತ್ತರ

ಕಂಟ್ರೋಲರನ್ನು ನೆಲದ ಮೇಲಿಟ್ಟು ಹೆಡ್‌ಸೆಟ್‌ನಲ್ಲಿ ನೋಡಿ. ನೆಲದೊಳಗೆ ಹೂತಂತೆಯೋ ತೇಲಿದಂತೆಯೋ ಕಂಡರೆ ಆಟದ ಗಡಿಯನ್ನು ಮತ್ತೆ ಗುರುತಿಸಿ ನೆಲಮಟ್ಟ ಸರಿಪಡಿಸಿ. ಆಮೇಲೆ ಆಟದೊಳಗಿನ ಎತ್ತರ ನೋಡಿ. ನೆಲ ಐದು ಸೆಂಟಿಮೀಟರ್ ತಪ್ಪಿದ್ದಾಗ ಕೋನದ ಆಫ್‌ಸೆಟ್‌ನಿಂದ ಸರಿದೂಗಿಸಲು ಹೋದರೆ ಕೆಳಸಾಲು ಸರಿಹೋಗಿ ಮೇಲ್ಸಾಲು ಕೆಡುತ್ತದೆ.

ಸದ್ದು ತಡವಾದರೆ

ಹಾಡನ್ನು ಪೂರ್ತಿ ಮ್ಯೂಟ್ ಮಾಡಿ ಆಡಿ. ಮ್ಯೂಟ್‌ನಲ್ಲಿ ಚೆನ್ನಾಗಿ ಬಂದು, ಸದ್ದಿದ್ದಾಗ ಕೆಟ್ಟರೆ ದೋಷ ಕಂಟ್ರೋಲರ್‌ನದಲ್ಲ, ಆಡಿಯೊದ್ದು. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ 100 ಮಿಲಿಸೆಕೆಂಡ್ ದಾಟಿದ ತಡ ಮಾಮೂಲಿ. ನಿಮಿಷಕ್ಕೆ 180 ಬೀಟ್‌ನ ಹಾಡಿನಲ್ಲಿ ಒಂದು ಬೀಟ್ 333 ಮಿಲಿಸೆಕೆಂಡ್, ಅದರ ಕಾಲುಭಾಗ 83. ಅಂದರೆ ಕಿವಿ ಒಂದು ಕಾಲುಬೀಟ್‌ಗಿಂತ ಹಿಂದೆ ಬಿದ್ದಿರುತ್ತದೆ. ಕೈ ಕಣ್ಣನ್ನು ನಂಬಬೇಕೋ ಕಿವಿಯನ್ನೋ ತಿಳಿಯದೆ ತಡವರಿಸುತ್ತದೆ. ತಂತಿಯ ಹೆಡ್‌ಫೋನ್ ಇದಕ್ಕೆ ಸರಿಯಾದ ಮದ್ದು. ಅದಾಗದಿದ್ದರೆ ಆಡಿಯೊ ಸೆಟ್ಟಿಂಗ್ಸ್‌ನ ಲೇಟೆನ್ಸಿ (ತಡ) ಅಂಕಿಯನ್ನು 10 ಮಿಲಿಸೆಕೆಂಡ್‌ನಂತೆ ಬದಲಿಸುತ್ತ ಹೊಂದಿಸಿ. ಡ್ರಮ್ ಬಾರಿಸುವ ಆಟಗಳಲ್ಲಿ ಸಮಯಕ್ಕೇ ಅಂಕ ಕೊಡುವುದರಿಂದ ಅಲ್ಲಿ ಈ ಹೆಜ್ಜೆ ಎಲ್ಲಕ್ಕಿಂತ ಮೊದಲು.

ಹಿಡಿತ ಬದಲಿಸಿದಾಗ ಏನೆಲ್ಲ ಬದಲಾಗುತ್ತದೆ

ಕಾರ್ಖಾನೆಯವರು ಎಣಿಸಿದ್ದು ಸುತ್ತಿಗೆ ಹಿಡಿದಂತೆ ಹಿಡಿಯುವುದನ್ನು: ತೋರುಬೆರಳು ಟ್ರಿಗರ್ ಮೇಲೆ, ನಡುಬೆರಳು ಪಕ್ಕದ ಗ್ರಿಪ್ ಬಟನ್ ಮೇಲೆ, ಹೆಬ್ಬೆರಳು ಥಂಬ್‌ಸ್ಟಿಕ್ ಎಂಬ ಪುಟ್ಟ ಕೋಲಿನ ಬಳಿ. ವೇಗದ ಹಾಡುಗಳಿಗೆ ಹಲವರು ಕ್ಲಾ ಹಿಡಿತಕ್ಕೆ ಹೋಗುತ್ತಾರೆ. ಇದರಲ್ಲಿ ಕಂಟ್ರೋಲರ್‌ನ ಭಾರ ಅಂಗೈಗಿಂತ ಬೆರಳ ತುದಿಗಳ ಮೇಲಿರುತ್ತದೆ. ತೋಳಿನ ಕೆಲಸ ಮಣಿಕಟ್ಟಿಗೂ ಬೆರಳಿಗೂ ಬರುತ್ತದೆ. ಕಡಿಮೆ ಚಲನೆಯಲ್ಲಿ ಹೆಚ್ಚು ಕೋನ ಸಿಗುವುದೇ ಲಾಭ.

ನಷ್ಟವೂ ಮೂರಿವೆ, ಮೂರೂ ಒಟ್ಟಿಗೆ ಬರುತ್ತವೆ. ಸೇಬರ್ ನೋಡುವ ದಿಕ್ಕು ಬದಲಾಗುತ್ತದೆ, ಬೆರಳುಗಳು ಟ್ರ್ಯಾಕಿಂಗ್ ದೀಪಗಳ ಮೇಲೆ ಬರುತ್ತವೆ, ಹಿಡಿ ಬಿಗಿಯಾದಾಗ ಬೇಡದ ಬಟನ್ ಒತ್ತಿಹೋಗುತ್ತದೆ. ಹಿಡಿತ ಬದಲಿಸಿದ ದಿನವೇ "ಎಲ್ಲವೂ ಕೆಟ್ಟಿತು" ಎನ್ನಿಸುವುದು ಇದರಿಂದ.

ಎರಡನೆಯದನ್ನು ಮೊದಲು ಪರೀಕ್ಷಿಸಿ. ಕ್ವೆಸ್ಟ್ 2ರಲ್ಲಿ ದೀಪಗಳು ಕಂಟ್ರೋಲರ್‌ನ ಬಳೆಯಾಕಾರದ ಭಾಗದಲ್ಲಿವೆ. ಬಳೆಯನ್ನು ಬೆರಳು ಸುತ್ತಿದರೆ ಅಷ್ಟು ದೀಪ ಹೋದಂತೆ. ಕ್ವೆಸ್ಟ್ 3ರ ಕಂಟ್ರೋಲರ್‌ಗೆ ಬಳೆಯೇ ಇಲ್ಲ, ದೀಪಗಳು ಮುಖದ ಭಾಗದಲ್ಲೂ ಹಿಡಿಯ ಬುಡದಲ್ಲೂ ಇವೆ. ಮುಖವನ್ನು ಬೆರಳಿಂದ ಮುಚ್ಚುವ ಹಿಡಿತ ಇದಕ್ಕೆ ಒಗ್ಗದು. ಮೆಟಾದ ಇನ್ನೊಂದು ಮಾದರಿಯಾದ ಟಚ್ ಪ್ರೊ ಕಂಟ್ರೋಲರ್ ತನ್ನದೇ ಮೂರು ಕ್ಯಾಮೆರಾಗಳಿಂದ ಕೋಣೆಯನ್ನು ನೋಡುತ್ತದೆ. ತಲೆಯ ಹಿಂದೆ ಹೋದರೂ ತಪ್ಪದು, ಆದರೆ ಕ್ಯಾಮೆರಾದ ಮೇಲೆ ಒಂದು ಬೆರಳು ಬಂದರೂ ತೊಂದರೆ. ಹೊಸ ಹಿಡಿತದಲ್ಲಿ ಕೈಯನ್ನು ಮುಂದೆ ಚಾಚಿ, ಮಣಿಕಟ್ಟನ್ನು ಎಲ್ಲ ದಿಕ್ಕಿಗೂ ನಿಧಾನ ತಿರುಗಿಸಿ. ಯಾವುದೋ ಒಂದು ಭಂಗಿಯಲ್ಲಿ ಸೇಬರ್ ಜಾರುತ್ತದೆಯೇ ನೋಡಿ. ಜಾರಿದರೆ ಆ ಬೆರಳನ್ನು ಒಂದು ಸೆಂಟಿಮೀಟರ್ ಸರಿಸಿ. ಆಫ್‌ಸೆಟ್ ಇಲ್ಲಿ ಏನೂ ಮಾಡದು.

ಬೆವರಿಗೆ ಜಾರುತ್ತಿದ್ದರೆ ಟೆನಿಸ್ ರಾಕೆಟ್ ಹಿಡಿಗೆ ಸುತ್ತುವ ತೆಳು ಟೇಪ್ ಸುತ್ತಿ. ಬುಡದಿಂದ ಮೇಲಕ್ಕೆ, ಅರ್ಧ ಸುತ್ತಿನ ಮೇಲೆ ಅರ್ಧ ಸುತ್ತು ಬರುವಂತೆ. ಬ್ಯಾಟರಿ ಮುಚ್ಚಳ ಆಡುವಾಗ ಜಾರಿ ತೆರೆದುಕೊಳ್ಳುವ ಕಂಟ್ರೋಲರ್‌ಗಳಲ್ಲಿ ಇದೇ ಟೇಪ್ ಮುಚ್ಚಳವನ್ನೂ ಹಿಡಿದಿಡುತ್ತದೆ. ದೀಪವಿರುವ ಜಾಗ ಬಿಟ್ಟು ಸುತ್ತಿ. ಕಪ್ಪು ಪ್ಲಾಸ್ಟಿಕ್ ಬರಿಗಣ್ಣಿಗೆ ಖಾಲಿ ಕಂಡರೂ ಅದರಡಿ ದೀಪ ಇರಬಹುದು. ಟೇಪ್ ಸುತ್ತಿದ ಮೇಲೆ ಹಿಡಿ ದಪ್ಪವಾಗಿ ಬೆರಳು ಕೂರುವ ಕೋನ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಆಫ್‌ಸೆಟ್ ಹೊಂದಿಸುವ ಮೊದಲೇ ಸುತ್ತಿ ಮುಗಿಸಿ. ಕೈಪಟ್ಟಿ ಯಾವ ಹಿಡಿತಕ್ಕಾದರೂ ಇರಲೇಬೇಕು, ಕ್ಲಾ ಹಿಡಿತಕ್ಕಂತೂ ತಪ್ಪದೆ.

ಮುಂಗೈ ನೋಯುತ್ತಿದ್ದರೆ ನೀವು ಹಿಡಿಯುತ್ತಿರುವುದು ಬಿಗಿಯಾಯಿತು. ನೋವು ಆಟ ನಿಲ್ಲಿಸಿದ ಮೇಲೂ ಉಳಿದರೆ ಹಳೆಯ ಹಿಡಿತಕ್ಕೆ ಮರಳಿ.

ಈಗ ಆಫ್‌ಸೆಟ್

ಅಂಕಿಗಳು ಆರು: ಸ್ಥಾನಕ್ಕೆ ಎಕ್ಸ್, ವೈ, ಝಡ್, ತಿರುವಿಗೆ ಎಕ್ಸ್, ವೈ, ಝಡ್. ಸ್ಥಾನ ಸೆಂಟಿಮೀಟರ್‌ನಲ್ಲಿ, ತಿರುವು ಡಿಗ್ರಿಯಲ್ಲಿ. ಎಲ್ಲವನ್ನೂ ಸೊನ್ನೆಗೆ ತನ್ನಿ.

ಒಂದು ಮೀಟರ್ ಉದ್ದದ ಕೋಲಿನ ಬುಡವನ್ನು ಒಂದು ಡಿಗ್ರಿ ತಿರುಗಿಸಿದರೆ ತುದಿ 1.7 ಸೆಂಟಿಮೀಟರ್ ಸರಿಯುತ್ತದೆ, ಐದು ಡಿಗ್ರಿಗೆ ಸುಮಾರು 9. ಆದ್ದರಿಂದ ತಿರುವು ಮೊದಲು, ಸ್ಥಾನ ಆಮೇಲೆ. ಹಲವರು ಸ್ಥಾನದಿಂದ ಶುರುಮಾಡಿ ದಿನಗಟ್ಟಲೆ ಸುತ್ತುತ್ತಾರೆ.

1. ನಿಮ್ಮ ಹಿಡಿತದಲ್ಲೇ ಹಿಡಿದು, ಮೊಣಕೈ ಮಡಚಿ, ಮಣಿಕಟ್ಟು ಸಡಿಲ ಬಿಟ್ಟು ನಿಲ್ಲಿ. ಕಣ್ಣು ಮುಚ್ಚಿ. ಸೇಬರ್ ನೇರ ಮುಂದಕ್ಕೆ, ನೆಲಕ್ಕೆ ಸಮಾನಾಂತರವಾಗಿದೆ ಎಂದು ಕೈಗೆ ಅನ್ನಿಸುವ ಭಂಗಿಗೆ ತನ್ನಿ. ಕಣ್ಣು ತೆರೆಯಿರಿ.

2. ತುದಿ ಮೇಲೆ ಅಥವಾ ಕೆಳಗಿದ್ದರೆ ಎಕ್ಸ್ ತಿರುವನ್ನು ಐದು ಡಿಗ್ರಿ ಬದಲಿಸಿ. ಯಾವ ಚಿಹ್ನೆ ಯಾವ ಕಡೆ ಒಯ್ಯುತ್ತದೆ ಎಂದು ಕಣ್ಣಲ್ಲೇ ನೋಡಿಕೊಳ್ಳಿ, ಊಹೆ ಬೇಡ. ಕಣ್ಣು ಮುಚ್ಚುವ ಪರೀಕ್ಷೆಯನ್ನು ಮತ್ತೆ ಮಾಡಿ. ಹತ್ತಿರ ಬಂದ ಮೇಲೆ ಒಂದೊಂದೇ ಡಿಗ್ರಿ.

3. ಎರಡೂ ತುದಿ ಒಳಗೆ ಅಥವಾ ಹೊರಗೆ ವಾಲಿದ್ದರೆ ವೈ ತಿರುವು. ಇಲ್ಲಿ ಎರಡು ಮೂರು ಡಿಗ್ರಿಯೇ ಹೆಚ್ಚು.

4. ಝಡ್ ತಿರುವನ್ನು ಸೊನ್ನೆಯಲ್ಲೇ ಬಿಡಿ. ಉರುಟು ಕೋಲನ್ನು ಅದರದೇ ಉದ್ದದ ಸುತ್ತ ಹೊರಳಿಸಿದರೆ ತುದಿ ಅಲ್ಲೇ ಇರುತ್ತದೆ.

5. ಸ್ಥಾನದಲ್ಲಿ ಝಡ್ ಎಂದರೆ ಸೇಬರ್ ಉದ್ದಕ್ಕೂ ಹಿಂದೆ ಮುಂದೆ. ಕೈಯಿಂದ ದೂರ ತಳ್ಳಿದಷ್ಟೂ ಚಿಕ್ಕ ತಿರುವಿಗೆ ಬ್ಲಾಕ್ ಬಳಿ ದೊಡ್ಡ ಸರಿದಾಟ. ವೇಗ ಸಿಗುತ್ತದೆ, ನಡುವನ್ನು ಹಿಡಿಯುವುದು ಕಷ್ಟವಾಗುತ್ತದೆ. ಒಂದೊಂದೇ ಸೆಂಟಿಮೀಟರ್ ಬದಲಿಸಿ.

ಪ್ರತಿ ಬದಲಾವಣೆಯ ನಂತರ ಪರೀಕ್ಷೆಯ ಹಾಡನ್ನು ಕನಿಷ್ಠ ಮೂರು ಸಲ ಆಡಿ. ಮೊದಲ ಸಲ ಯಾವ ಹೊಸ ಅಂಕಿಯಾದರೂ ವಿಚಿತ್ರವೆನಿಸುತ್ತದೆ, ಎರಡನೆಯ ಸಲ ಚೆನ್ನಾಗಿದೆ ಎನಿಸುತ್ತದೆ. ಎರಡನ್ನೂ ನಂಬಬೇಡಿ, ಅಂಕ ನೋಡಿ. ಇತರರ ಅಂಕಿಗಳನ್ನು ನಕಲು ಮಾಡುವುದೂ ವ್ಯರ್ಥ. ಅವರ ಅಂಗೈ, ಅವರ ಕಂಟ್ರೋಲರ್ ಬೇರೆ.

ನಿನ್ನೆಯವರೆಗೆ ಸರಿಯಿದ್ದ ಅಂಕಿ ಅಪ್‌ಡೇಟ್ ಆದ ಮೇಲೆ ಕೆಟ್ಟರೆ ಗಾಬರಿ ಬೇಡ. ವಿಆರ್ ಆಟಗಳೂ ಸಾಧನಗಳೂ ಹೊಂದಿಕೊಳ್ಳಲು ಇರುವ ಓಪನ್‌ಎಕ್ಸ್‌ಆರ್ ಮಾನದಂಡದಲ್ಲಿ ಕಂಟ್ರೋಲರ್‌ಗೆ ಮುಖ್ಯವಾಗಿ ಎರಡು ಭಂಗಿಗಳಿವೆ: ಅಂಗೈಯ ನಡುವನ್ನು ಆಧರಿಸಿದ ಗ್ರಿಪ್ ಭಂಗಿ, ಬೊಟ್ಟು ಮಾಡುವ ದಿಕ್ಕನ್ನು ಆಧರಿಸಿದ ಏಮ್ ಭಂಗಿ. ಇವೆರಡರ ಕೋನ ಒಂದೇ ಅಲ್ಲ. ಆಟ ಅಥವಾ ರನ್‌ಟೈಮ್ (ಆಟಕ್ಕೂ ಹೆಡ್‌ಸೆಟ್‌ಗೂ ನಡುವೆ ಕೆಲಸ ಮಾಡುವ ತಂತ್ರಾಂಶ) ಒಂದು ಭಂಗಿಯಿಂದ ಇನ್ನೊಂದಕ್ಕೆ ಬದಲಾದರೆ ಅದೇ ಅಂಕಿಗೆ ಸೇಬರ್ ಬೇರೆಡೆ ನೋಡುತ್ತದೆ. ಅದೇ ಕ್ವೆಸ್ಟ್ ಕಂಟ್ರೋಲರನ್ನು ಸ್ಟೀಮ್‌ವಿಆರ್ ಮೂಲಕ ಬಳಸಿದಾಗ ಕೋನ ಬದಲಾದಂತೆ ಕಾಣುವುದೂ ಈ ಜಾತಿಯದೇ. ಸೊನ್ನೆಯಿಂದ ಮತ್ತೆ ಹೊಂದಿಸಿ, ಯಾವ ರನ್‌ಟೈಮ್‌ನಲ್ಲಿ ಹೊಂದಿಸಿದ್ದು ಎಂದು ಚೀಟಿಯಲ್ಲಿ ಪಕ್ಕಕ್ಕೆ ಬರೆಯಿರಿ.

ಬಟನ್‌ಗಳು

ಹಾಡಿನ ನಡುವೆ ಆಟ ತಾನೇ ಪಾಸ್ ಆಗಿ ತಾತ್ಕಾಲಿಕವಾಗಿ ನಿಲ್ಲುವುದು ಇಲ್ಲಿನ ದೊಡ್ಡ ದೂರು. ಹೆಬ್ಬೆರಳಿನ ಬುಡ ಮೆನು ಬಟನ್ ಮೇಲೆ ಬೀಳುತ್ತಿರುತ್ತದೆ. ಬೀಟ್ ಸೇಬರ್‌ನಲ್ಲಿ ಪಾಸ್ ಬಟನ್ ಒತ್ತಿ ಹಿಡಿಯಬೇಕಾದ ಅವಧಿಯನ್ನು ಹೆಚ್ಚಿಸುವ ಆಯ್ಕೆಯಿದೆ, ಅದನ್ನು ದೀರ್ಘಕ್ಕೆ ಇಡಿ. ಕಂಪ್ಯೂಟರ್‌ನಲ್ಲಿ ಆಡುವವರು ಸ್ಟೀಮ್‌ವಿಆರ್‌ನ ಕಂಟ್ರೋಲರ್ ಬೈಂಡಿಂಗ್ (ಯಾವ ಬಟನ್‌ಗೆ ಯಾವ ಕೆಲಸ ಎಂಬ ಪಟ್ಟಿ) ತೆರೆದು ಆ ಆಟಕ್ಕೆ ಮಾತ್ರ ಪಾಸ್ ಕೆಲಸವನ್ನು ಬೇರೆ ಬಟನ್‌ಗೆ ವರ್ಗಾಯಿಸಬಹುದು. ಮೂಲ ಬೈಂಡಿಂಗನ್ನೇ ತಿದ್ದದೆ ಅದರ ಪ್ರತಿ ಮಾಡಿಕೊಂಡು ತಿದ್ದಿ. ಪಾಸ್ ಅನ್ನು ಪೂರ್ತಿ ತೆಗೆದುಹಾಕಬೇಡಿ. ಯಾರೋ ಹಠಾತ್ತನೆ ಕೋಣೆಗೆ ಬಂದರೆ ನಿಲ್ಲಿಸಲು ದಾರಿ ಬೇಕು.

ಗುಂಡು ಹಾರಿಸುವ ರಿದಂ ಆಟಗಳಲ್ಲಿ ಟ್ರಿಗರ್ ತಡವಾಗಿ ಕೆಲಸ ಮಾಡುತ್ತಿದೆ ಎನಿಸಿದರೆ, ಟ್ರಿಗರ್ ಪೂರ್ತಿ ಒಳಗೆ ಹೋದ ಮೇಲಷ್ಟೇ ಒತ್ತಿದಂತೆ ಲೆಕ್ಕವಾಗುತ್ತಿರಬಹುದು. ಬೈಂಡಿಂಗ್‌ನಲ್ಲಿ ಆ ಮಿತಿಯನ್ನು ಕಾಲುಭಾಗದ ಸುತ್ತಮುತ್ತ ಇಳಿಸಿ. ತೀರ ಇಳಿಸಿದರೆ ಬೆರಳಿನ ಭಾರಕ್ಕೇ ಗುಂಡು ಹಾರುತ್ತದೆ.

ಮುಟ್ಟದೆಯೇ ಮೆನು ತಾನಾಗಿ ಉರುಳುತ್ತಿದ್ದರೆ ಥಂಬ್‌ಸ್ಟಿಕ್‌ನ ಕೋಲು ನಡುವಿಗೆ ಮರಳುತ್ತಿಲ್ಲ. ಮೊದಲು ಕೋಲನ್ನು ಎಲ್ಲ ಅಂಚಿಗೂ ಹತ್ತಿಪ್ಪತ್ತು ಸುತ್ತು ತಿರುಗಿಸಿ, ಬುಡಕ್ಕೆ ಗಾಳಿ ಊದಿ ಧೂಳು ತೆಗೆಯಿರಿ. ಆಮೇಲೆ ಡೆಡ್‌ಝೋನ್ (ಕೋಲಿನ ಎಷ್ಟು ಸಣ್ಣ ಓರೆಯನ್ನು ಲೆಕ್ಕಿಸಬಾರದು ಎಂಬ) ಅಂಕಿ ಏರಿಸಿ. ಅದೂ ನಿಲ್ಲಿಸದಿದ್ದರೆ ಒಳಗಿನ ಭಾಗ ಸವೆದಿದೆ, ಬದಲಿಸುವುದೇ ದಾರಿ. ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್ ಹಿಡಿದು ಕೈಬೀಸಿನಿಂದ ಆಡುವ ಆಟಗಳಲ್ಲಿ ಕೋಲು ಸರಿಯಿದ್ದೂ ಕೈಯ ಗುರುತು ತಾನಾಗಿ ಜಾರುತ್ತಿದ್ದರೆ ಅದು ತಿರುವನ್ನು ಅಳೆಯುವ ಗೈರೊ ಸೆನ್ಸರ್‌ನ ಕೆಲಸ. ಕೈಪಟ್ಟಿ ಬಿಚ್ಚಿ, ಅಲುಗಾಡದ ಸಮತಟ್ಟು ಮೇಜಿನ ಮೇಲಿಟ್ಟು, ಸಿಸ್ಟಮ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಮೋಷನ್ ಕ್ಯಾಲಿಬ್ರೇಷನ್ ನಡೆಸಿ. ಮುಗಿಯುವವರೆಗೆ ಮೇಜನ್ನು ಮುಟ್ಟಬೇಡಿ.